ಏಳನೇ ಅಳತೆ

ನಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ, ನನ್ನ ಪಿಂಚಣಿ ಕಾಗದಗಳ ಕೆಳಗೆ, ಉದ್ದನೆಯ ಒಂದು ನೋಟ್‌ಪುಸ್ತಕ ಇದೆ. ನನ್ನ ಮಗಳು ಪರೀಕ್ಷೆಗೆಂದು ಅಭ್ಯಾಸ ಮಾಡಿದ ಹನ್ನೊಂದು ಹೊಲಗಳ ಅಳತೆ ಅದರಲ್ಲಿದೆ. ಸರಿಯಾಗಿ ಹೇಳಬೇಕೆಂದರೆ ಹತ್ತು ಹೊಲಗಳದ್ದು. ಏಳನೆಯ ಹಾಳೆಯನ್ನು ನಾನೇ ಹರಿದೆ. ಹರಿದ ಹಾಳೆಯ ಅಂಚು ಇನ್ನೂ ಹೊಲಿಗೆಯಲ್ಲಿ ಸಿಕ್ಕಿಕೊಂಡಿದೆ. ಬೇರೆ ಏನನ್ನೋ ಹುಡುಕಲು ಬೀರು ತೆಗೆದಾಗಲೂ ಕೈಗೆ ಮೊದಲು ಸಿಗುವುದು ಅದೇ ಪುಸ್ತಕ.

ನಾನು ಮೂವತ್ತೊಂದು ವರ್ಷ ಭೂಮಾಪಕನಾಗಿದ್ದೆ. ಕಡೂರು, ತರೀಕೆರೆ, ಮತ್ತೆ ಕಡೂರು. ಕೊನೆಗೆ ನಮ್ಮೂರು ಅಜ್ಜಂಪುರವೇ ತಾಲ್ಲೂಕಾದಾಗ ಇಲ್ಲಿಗೆ ಬಂದು ನಿವೃತ್ತನಾದೆ. ನಾನು ಅಳೆಯದ ಊರು ಈ ಸುತ್ತಿನಲ್ಲಿ ಕಡಿಮೆ. ಬಸ್ಸಿನಲ್ಲಿ ಕೂತರೆ ಕಿಟಕಿಯ ಆಚೆ ನನಗೆ ಗಿಡಮರ ಕಾಣುವುದಿಲ್ಲ, ಸರ್ವೆ ನಂಬರು ಕಾಣುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇತ್ತು, ಅದರ ಕಥೆಯನ್ನೇ ಹೇಳಲು ಕೂತಿದ್ದೇನೆ.

ನನಗೆ ಒಬ್ಬಳೇ ಮಗಳು. ಸಿವಿಲ್ ಡಿಪ್ಲೊಮಾ ಮುಗಿಸಿ, ದಿನಾ ಬಸ್ಸು ಹತ್ತಿ ತರೀಕೆರೆಯ ಒಬ್ಬ ಎಂಜಿನಿಯರ್ ಹತ್ತಿರ ಮನೆ ಪ್ಲಾನು ಬರೆಯುತ್ತಿದ್ದಳು. ಅವಳಿಗೆ ಅದು ಬೇಡವಾಗಿತ್ತು. ಶಾಲೆಯ ರಜೆಯಲ್ಲಿ ನನ್ನ ಹಿಂದೆ ಬಾವುಟದ ಕೋಲು ಹಿಡಿದುಕೊಂಡು ಬದು ಹತ್ತಿ ಇಳಿದವಳು ಅವಳು. ಲೈಸೆನ್ಸ್ ಇರುವ ಭೂಮಾಪಕಿ ಆಗಬೇಕು ಎಂಬುದೊಂದೇ ಹಟ. ಸರ್ಕಾರದ ನೌಕರರು ಸಾಲದೆ ಹೋದಾಗ ಹೊರಗಿನವರಿಗೆ ಪರೀಕ್ಷೆ ಮಾಡಿ ಅಳತೆಯ ಲೈಸೆನ್ಸ್ ಕೊಡುತ್ತಾರೆ. ಮೊದಲು ಬರೆಯುವ ಪರೀಕ್ಷೆ, ಆಮೇಲೆ ಹೊಲಕ್ಕೇ ಇಳಿಸಿ ಅಳೆಸುವ ಪರೀಕ್ಷೆ. ಆ ಕರೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಒಮ್ಮೆ ಬಂದು ಹೋದರೆ ವರ್ಷಗಟ್ಟಲೆ ಸುದ್ದಿಯಿಲ್ಲ.

ಆ ಸಲ ಕರೆ ಬಂದಾಗ ಮಗಳಿಗೆ ಇಪ್ಪತ್ತೇಳು. ನನ್ನ ಹೆಂಡತಿಗೆ ಅದರದೇ ಕೊರಗು. ಮಠದ ಕಾರ್ಯಕ್ರಮವೊಂದರಲ್ಲಿ ಪರಿಚಯವಾದವರ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಅಮೃತಾಪುರದ ಕಡೆಯವರು, ಅನುಕೂಲವಂತರು. ಹುಡುಗನೂ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಗನ ತಾಯಿ ನಗುನಗುತ್ತಲೇ ಹೇಳಿದ್ದರು, ‘ನಮ್ಮನೇಲಿ ಹೆಣ್ಮಕ್ಳು ಹೊರಗ್ಹೋಗಿ ದುಡಿಯೋ ಅಗತ್ಯ ಇಲ್ಲ ಕಣ್ರೀ.’ ಮಗಳು ಆ ದಿನ ಊಟ ಮಾಡಲಿಲ್ಲ.

ಬರವಣಿಗೆಯ ಪರೀಕ್ಷೆಗೆ ಅವಳಿಗೆ ನನ್ನ ಸಹಾಯ ಬೇಕಿರಲಿಲ್ಲ. ಮೊಬೈಲಿನಲ್ಲೇ ಮಾದರಿ ಪ್ರಶ್ನೆಪತ್ರಿಕೆ ತೆಗೆದು ಗಡಿಯಾರ ಇಟ್ಟುಕೊಂಡು ಬರೆಯುತ್ತಿದ್ದಳು. ಹೊಲದ ಪರೀಕ್ಷೆ ಮಾತ್ರ ನನ್ನ ಪಾಲಿಗೆ ಬಿತ್ತು. ಈಗ ಉಪಗ್ರಹದಿಂದ ಅಳೆಯುವ ಯಂತ್ರ ಬಂದಿದೆ, ಆದರೂ ಪರೀಕ್ಷೆಯಲ್ಲಿ ಸರಪಳಿಯನ್ನೇ ಹಿಡಿಸುತ್ತಾರೆ ಎಂದು ಕೇಳಿದ್ದೆ. ನನಗೆ ಖುಷಿಯಾಯಿತು. ಅಟ್ಟದಿಂದ ನನ್ನ ಹಳೆಯ ಸರಪಳಿ ಇಳಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ ತುಕ್ಕು ತೆಗೆದೆ.

ಅಳತೆ ಅಂದರೆ ಜನ ಸರಪಳಿ ಎಳೆಯುವುದು ಎಂದುಕೊಳ್ಳುತ್ತಾರೆ. ಅದು ಆಮೇಲಿನ ಕೆಲಸ. ಮೊದಲು ಕಲ್ಲು ಹುಡುಕಬೇಕು. ಹೊಲದ ಮೂಲೆಯಲ್ಲಿ ಹಿಂದಿನವರು ಹೂತ ಬಾಂದುಕಲ್ಲು ಎಲ್ಲಿದೆ ಎಂದು ಹಳೆಯ ನಕ್ಷೆ ನೋಡಿ, ಬದುವಿನ ತಿರುವು ನೋಡಿ ಪತ್ತೆ ಮಾಡಬೇಕು. ಅದು ಮಣ್ಣಿನಡಿ ಹೋಗಿರುತ್ತದೆ, ಲಂಟಾನದ ಒಳಗಿರುತ್ತದೆ. ಯಾರೋ ಬೇಲಿಗೆ ನೆಟ್ಟ ಕಲ್ಲು ಅದರ ಹಾಗೇ ಕಂಡು ಮೋಸ ಮಾಡುತ್ತದೆ. ಸರಿಯಾದ ಕಲ್ಲಿನಿಂದ ಕಲ್ಲಿಗೆ ಗೆರೆ ಹಿಡಿದರೆ ಮಿಕ್ಕಿದ್ದು ಬರೀ ಲೆಕ್ಕ. ತಪ್ಪು ಕಲ್ಲು ಹಿಡಿದರೆ ನೀವೆಷ್ಟೇ ಬುದ್ಧಿವಂತರಾದರೂ ಪಕ್ಕದವನ ಹೊಲ ಅಳೆದು ಬರುತ್ತೀರಿ.

ಅಭ್ಯಾಸಕ್ಕೆ ನಾನು ಆರಿಸಿದ್ದೆಲ್ಲ ನಾನೇ ಸರ್ವಿಸಿನಲ್ಲಿ ಅಳೆದಿದ್ದ ಹೊಲಗಳು. ಅದಕ್ಕೆ ಕಾರಣವೂ ಇತ್ತು. ಸರಿ ಉತ್ತರ ನನಗೆ ಗೊತ್ತಿಲ್ಲದೆ ಅವಳ ಉತ್ತರ ತಿದ್ದುವುದು ಹೇಗೆ? ಅಜ್ಜಂಪುರದ ಸುತ್ತ ನಾಲ್ಕು, ತರೀಕೆರೆ ದಾರಿಯಲ್ಲಿ ಎರಡು. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಅವಳ ಕೈಗೆ ನಕ್ಷೆ ಕೊಟ್ಟು ನಾನು ಬಾಯಿ ಮುಚ್ಚಿಕೊಂಡು ಹೊಲದೊಳಗೆ ಹೋಗುತ್ತಿದ್ದೆ. ಪರೀಕ್ಷೆ ಎಂದರೆ ಪರೀಕ್ಷೆ, ಒಂದು ಮಾತು ಹೇಳಿಕೊಡುತ್ತಿರಲಿಲ್ಲ. ಅವಳು ನಕ್ಷೆ ನೋಡಿ, ಕಣ್ಣು ಕಿರಿದು ಮಾಡಿ ಹೊಲದ ಉದ್ದಗಲ ನೋಡಿ, ನೆಟ್ಟಗೆ ಬಂದು ಕಲ್ಲು ಕೆದಕುತ್ತಿದ್ದಳು. ಸರಪಳಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮನೆಗೆ ಬಂದು ಎಕರೆ ಗುಂಟೆ ತೆಗೆದರೆ ಹಳೆಯ ದಾಖಲೆಗೆ ತಾಳೆ. ನಾನು ಕೆಂಪು ಪೆನ್ನಿನಲ್ಲಿ ‘ಸರಿ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಕಚೇರಿಯಲ್ಲಿ ಯಾರಿಗೂ ಅಷ್ಟು ಸಂತೋಷದಿಂದ ಸಹಿ ಹಾಕಿದವನಲ್ಲ.

ಕಡೂರಿನಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ, ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿ ಜೊತೆಯಲ್ಲೇ ನಿವೃತ್ತನಾದವನು. ಆರು ಹೊಲವೂ ತಾಳೆಯಾಯಿತು ಎಂದು ಫೋನಿನಲ್ಲಿ ಕೊಚ್ಚಿಕೊಂಡಾಗ ಅವನು ಕೇಳಿದ, ‘ಲೇ, ಎಲ್ಲಾ ನೀನು ಅಳೆದಿರೋ ಹೊಲನೇ ಅಲ್ವೇನೋ? ಒಂದಿನ ಮಗೀನ ನನ್ನತ್ರ ಕಳ್ಸು.’

ಹೋದೆವು. ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿಗೆ ಅವನ ಪರಿಚಯದವರ ಒಂದು ಹೊಲವಿತ್ತು. ನಾನಾಗಲಿ ಅವಳಾಗಲಿ ಕಂಡದ್ದಲ್ಲ. ನಾನೂ ಹೊರಟು ನಿಂತಾಗ ಅವನು ನನ್ನ ಭುಜ ಹಿಡಿದು ತನ್ನ ಮನೆಯ ಜಗಲಿಯ ಮೇಲೆ ಕೂರಿಸಿದ. ‘ನೀನು ಬರ್ಬೇಡ. ಕಾಫಿ ಕುಡ್ಕೊಂಡು ಪೇಪರ್ ಓದು.’ ನನಗೆ ಕೋಪ ಬಂತು, ಆದರೂ ಕೂತೆ.

ಮಧ್ಯಾಹ್ನ ಬಂದರು. ಮಗಳ ಮುಖ ನೋಡಿದೊಡನೆ ಗೊತ್ತಾಯಿತು. ಎರಡು ಎಕರೆ ಚಿಲ್ಲರೆ ಹೊಲದಲ್ಲಿ ಐದು ಗುಂಟೆ ವ್ಯತ್ಯಾಸ. ಬೇಲಿಯ ಕಲ್ಲನ್ನು ಬಾಂದುಕಲ್ಲು ಎಂದುಕೊಂಡು ಅಲ್ಲಿಂದ ಗೆರೆ ಹಿಡಿದಿದ್ದಳು. ಅವಳು ಬಚ್ಚಲಿಗೆ ಮುಖ ತೊಳೆಯಲು ಹೋದಾಗ ಗೆಳೆಯ ದನಿ ತಗ್ಗಿಸಿ ಹೇಳಿದ, ‘ಲೆಕ್ಕ ಚೆನ್ನಾಗಿದೆ, ಕೈ ಚೆನ್ನಾಗಿದೆ. ಕಲ್ಲು ಹುಡ್ಕೋದು ಬರಲ್ಲ ಕಣೋ ಅವ್ಳಿಗೆ. ಇಂಥವು ಇನ್ನೊಂದು ಹತ್ತು ಹೊಲ, ನೀನಿಲ್ದೆ ಅಳೀಲಿ. ನಾನು ಕರ್ಕೊಂಡೋಗ್ತೀನಿ. ನಿನ್ನ ಆರು ಅಳತೆ ಒಂದ್ಕಡೆ, ಇದೊಂದೇ ಒಂದ್ಕಡೆ.’

‘ಕಾವಲಿನ ದನ ತುಳಿದು ಬದುನೇ ಇಲ್ದಿರೋ ಹೊಲ ತೋರ್ಸಿ ಏನು ಮಾತಾಡ್ತೀಯಾ?’ ಎಂದೆ.

‘ಪರೀಕ್ಷೆ ಹೊಲ್ದಾಗೆ ದನ ತುಳಿದಿರಲ್ವೇನೋ?’ ಎಂದು ಅವನು ನಕ್ಕ.

ಆ ನಗು ನನಗೆ ಆಗಲಿಲ್ಲ. ಊಟಕ್ಕೆ ಎಲೆ ಹಾಕಿದ್ದರೂ ನಿಲ್ಲದೆ ಮಗಳನ್ನು ಎಬ್ಬಿಸಿಕೊಂಡು ಬೀರೂರಿನ ಬಸ್ಸು ಹಿಡಿದೆ. ಬೀರೂರಿನಲ್ಲಿ ಅಜ್ಜಂಪುರದ ಬಸ್ಸಿಗೆ ಕಾಯುವಾಗ ಅವಳು ಕೇಳಿದಳು, ‘ಅಪ್ಪಾ, ಇದುನ್ನೂ ಬರೀಲಾ ಬುಕ್ಕಲ್ಲಿ?’ ನಾನು ಬಸ್ಸು ಬರುವ ದಾರಿ ನೋಡುತ್ತಿದ್ದೆ. ಅವಳು ಮನೆಗೆ ಬಂದು ಬರೆದಳು. ಅಚ್ಚುಕಟ್ಟಾಗಿ ನಕ್ಷೆ ಬರೆದು, ಕೆಳಗೆ ‘ವ್ಯತ್ಯಾಸ ಐದು ಗುಂಟೆ, ಕಲ್ಲು ತಪ್ಪು’ ಎಂದು ತಾನೇ ನಮೂದಿಸಿದಳು. ಮಾರನೆಯ ಬೆಳಿಗ್ಗೆ ಅವಳು ಬಸ್ಸಿಗೆ ಹೋದ ಮೇಲೆ ಆ ಹಾಳೆಯನ್ನು ಹರಿದು ಸ್ನಾನದ ಹಂಡೆಯ ಒಲೆಗೆ ಹಾಕಿದೆ. ಅವಳ ಧೈರ್ಯ ಕುಗ್ಗಬಾರದೆಂದು ಹರಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಕುಗ್ಗಿದ್ದು ಯಾರ ಏನು ಎಂದು ಈಗ ಗೊತ್ತು. ಗೆಳೆಯ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ.

ಆಮೇಲೆ ಇನ್ನೂ ನಾಲ್ಕು ಹೊಲ ಅಳೆದೆವು. ಎಲ್ಲವೂ ನನಗೆ ಗೊತ್ತಿದ್ದವೇ. ನಾಲ್ಕೂ ತಾಳೆ, ನಾಲ್ಕಕ್ಕೂ ಕೆಂಪು ಸಹಿ.

ಅಷ್ಟರಲ್ಲಿ ಬರವಣಿಗೆಯ ಪರೀಕ್ಷೆ ಮುಗಿದು ಅವಳು ಒಳ್ಳೆಯ ಅಂಕದಲ್ಲಿ ಪಾಸಾದಳು. ಹೊಲದ ಪರೀಕ್ಷೆಗೆ ದಿನ ಗೊತ್ತಾಯಿತು. ಅಮೃತಾಪುರದ ಕಡೆಯವರು ಒಂದು ಮಾತು ಹೇಳಿ ಎಂದು ಒತ್ತಾಯಿಸತೊಡಗಿದರು. ಒಂದು ಭಾನುವಾರ ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ತಟ್ಟುತ್ತಾ ತಿರುಗದೆಯೇ ಕೇಳಿದಳು, ‘ಏನ್ರೀ, ಸುಮ್ನೆ ಮಗಳು ಅಂತ ಹೇಳ್ಬೇಡಿ. ಇವ್ಳು ಪಾಸಾಗ್ತಾಳೋ ಇಲ್ವೋ? ಆಗೋದಾದ್ರೆ ಅವ್ರಿಗೆ ಬೇಡ ಅಂತ ನಾನೇ ಹೇಳ್ತೀನಿ. ಅವ್ಳ ಕೆಲ್ಸ ಅವ್ಳು ಮಾಡ್ಕಳ್ಳಿ. ಆಗ್ದಿದ್ರೆ ಮಾತ್ರ ಈ ಸಂಬಂಧಕ್ಕೆ ಒಪ್ಕಬೇಕು. ಇವತ್ತೇ ಮಾತು ಕೊಡ್ಲಿ.’

ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ಎದ್ದು ಹೋಗಿ ಆ ನೋಟ್‌ಪುಸ್ತಕ ತಂದೆ. ವಕೀಲರ ಹಾಗೆ ಒಂದೊಂದೇ ಹಾಳೆ ತಿರುವಿ ಓದಿ ಹೇಳಿದೆ. ‘ಹತ್ತಕ್ಕೆ ಹತ್ತು ಕಣೇ. ಸರ್ವಿಸ್‌ನಾಗಿರೋರೇ ಹಿಂಗೆ ಅಳಿಯಲ್ಲ. ಕಣ್ಮುಚ್ಕೊಂಡು ಮಾತು ಕೊಡವ್ವ.’

ಮಗಳು ಕೊಡಲಿಲ್ಲ. ಮೆಲ್ಲಗೆ, ‘ಕಡೂರಿಂದು ಇತ್ತಲ್ಲಪ್ಪ?’ ಎಂದಳು.

‘ಅದು ಅಳತೇನೇ ಅಲ್ಲ’ ಎಂದೆ.

ಅವಳು ಪುಸ್ತಕದ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಹಾಳೆ ಇಲ್ಲದ್ದು ಅವಳಿಗೆ ಕಂಡಿತ್ತು ಎಂದು ನನಗೆ ಅನುಮಾನವೇ ಇಲ್ಲ. ಆದರೂ ಹುಟ್ಟಿದಾಗಿನಿಂದ ನನ್ನ ಮಾತು ನಂಬಿಕೊಂಡು ಬಂದವಳು. ‘ಆಯ್ತಮ್ಮ. ಆಗ್ದಿದ್ರೆ ನೀನು ಹೇಳ್ದಂಗೆ’ ಎಂದಳು.

ಪರೀಕ್ಷೆ ದೂರದ ಊರಿನಲ್ಲಿತ್ತು. ಜೊತೆಗೆ ನಾನೂ ಹೋದೆ. ಹೊಲದ ಹತ್ತಿರ ಯಾರನ್ನೂ ಬಿಡಲಿಲ್ಲ, ಕೂಗಳತೆ ದೂರದ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಬೇರೆಯವರ ಜೊತೆ ಅವಳು ನಡೆದು ಹೋಗುವಾಗ ಒಂದು ಸಲ ಹಿಂತಿರುಗಿ ನೋಡಿದಳು. ನಾನು ಕೈ ಎತ್ತಿದೆ. ಸಂಜೆ ಹೊರಗೆ ಬಂದಾಗ ಕಾಲೆಲ್ಲ ಕೆಂಪು ಮಣ್ಣು. ‘ಕಲ್ಲು ಸಿಕ್ತಾ?’ ಎಂದೆ. ‘ಸಿಕ್ತು’ ಎಂದಳು.

ಫಲಿತಾಂಶದ ಪಟ್ಟಿ ಮೊಬೈಲಿಗೆ ಬಂತು. ಅದರಲ್ಲಿ ಅವಳ ನಂಬರು ಇರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ತಪ್ಪು ಕಲ್ಲಿನಿಂದ ಗೆರೆ ಹಿಡಿದಿದ್ದಳು, ಎಮ್ಮೆದೊಡ್ಡಿಯಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದ್ದಳು. ಕಡೂರಿನ ಗೆಳೆಯ ಆ ಸಂಜೆ ಫೋನ್ ಮಾಡಿದ. ಈ ಸಲ ಎತ್ತಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ‘ಊಟ ಮಾಡಿದ್ರೇನೋ ಎಲ್ಲಾ?’ ಎಂದಷ್ಟೇ ಕೇಳಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಹೆಂಡತಿಯೇ ಮೊದಲು ಕರಗಿದಳು. ‘ಹೋಗ್ಲಿ ಬಿಡವ್ವ, ಮಾತು ಗೀತು ಏನೂ ಬೇಡ. ಇನ್ನೊಂದ್ಸಲ ಕರೆದಾಗ ಕಟ್ಟು’ ಎಂದಳು. ಮಗಳು ತಲೆಯಾಡಿಸಿದಳು. ‘ಯಾವಾಗ ಕರೀತಾರಮ್ಮ? ಕೊಟ್ಟಿದ್ದು ಕೊಟ್ಟಾಯ್ತು.’ ಆಗ ನಾನು ಬಾಯಿ ತೆಗೆಯಬೇಕಿತ್ತು. ತಪ್ಪು ನಿನ್ನದಲ್ಲ, ಅಭ್ಯಾಸ ಮಾಡಿಸಿದ ನನ್ನದು, ಮಾತು ಕೊಡಿಸಿದ್ದೂ ನಾನೇ ಎನ್ನಬೇಕಿತ್ತು. ಗೋಡೆಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಮೂವತ್ತೊಂದು ವರ್ಷ ಊರವರ ಜಗಳಗಳ ನಡುವೆ ಎತ್ತರದ ದನಿಯಲ್ಲಿ ಮಾತಾಡಿದ ಗಂಡಸು ನಾನು.

ಮದುವೆ ಚೆನ್ನಾಗಿಯೇ ಆಯಿತು. ಅಳಿಯ ಒಳ್ಳೆಯವನು, ಮಗಳಿಗೆ ನೋವು ಮಾಡುವವನಲ್ಲ. ಅವಳು ಹೊರಟ ದಿನ ತನ್ನ ಬಟ್ಟೆ, ಪುಸ್ತಕ, ಡ್ರಾಯಿಂಗ್ ಪೆಟ್ಟಿಗೆ ಎಲ್ಲ ತೆಗೆದುಕೊಂಡು ಹೋದಳು. ಸರಪಳಿಯನ್ನು ಮಾತ್ರ ಒರೆಸಿ, ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ನನ್ನ ಮಂಚದ ಕೆಳಗೆ ಇಟ್ಟಿದ್ದಳು.

ಆಮೇಲಿನ ಖಾಲಿ ದಿನಗಳಲ್ಲಿ ನಾನು ಆ ನೋಟ್‌ಪುಸ್ತಕ ತೆಗೆದು ಕಚೇರಿಯ ಕಣ್ಣಿನಿಂದ ನೋಡಿದೆ, ಮೊದಲ ಸಲ. ಹತ್ತು ಅಳತೆಯಲ್ಲಿ ಆರು ಹಳೆಯ ದಾಖಲೆಗೆ ಕೂದಲೆಳೆಯೂ ಬಿಡದೆ ಕೂತಿದ್ದವು. ಅಳೆದವರಿಗೆ ಗೊತ್ತು, ಹಾಗೆ ಕೂರುವುದಿಲ್ಲ. ಸರಪಳಿ ಒಂದಿಷ್ಟು ಸಡಿಲವಾಗುತ್ತದೆ, ಬದು ಒಂದಿಷ್ಟು ಜರುಗಿರುತ್ತದೆ, ಚೂರು ಹೆಚ್ಚು ಕಡಿಮೆ ಬಂದೇ ಬರುತ್ತದೆ. ನನ್ನ ಕೈಕೆಳಗಿನ ಹುಡುಗರು ಇಷ್ಟು ನಿಖರವಾದ ಅಳತೆ ತಂದರೆ ನಾನು ಪುಸ್ತಕವನ್ನು ಮೇಜಿನ ಮೇಲಿಂದ ಆಚೆ ತಳ್ಳುತ್ತಿದ್ದೆ. ‘ನೆರಳಲ್ಲಿ ಕೂತು ಬರೆದಿದ್ದೀಯಾ, ಹೋಗಿ ಅಳೆದು ಬಾ’ ಎನ್ನುತ್ತಿದ್ದೆ. ಮಗಳದ್ದು ಬಂದಾಗ ಕೆಂಪು ಸಹಿ ಹಾಕಿದೆ. ಅವಳು ಮೋಸ ಮಾಡುವವಳಲ್ಲ, ದಾಖಲೆಯನ್ನು ಅವಳಿಗೆ ತೋರಿಸಿಯೂ ಇರಲಿಲ್ಲ. ಸರಪಳಿಯ ನನ್ನ ತುದಿಯನ್ನು ನನ್ನ ಕೈಯೇ ಬೇಕಾದಷ್ಟು ಎಳೆದಿತ್ತೋ ಬಿಟ್ಟಿತ್ತೋ, ಇರಬಹುದು. ಆದರೆ ಕಲ್ಲು? ಕಲ್ಲು ಹುಡುಕಲು ಬಾರದವಳು ಹತ್ತು ಹೊಲದಲ್ಲಿ ಅದು ಹೇಗೆ ನೆಟ್ಟಗೆ ಹೋಗಿ ಕಲ್ಲಿನ ಮೇಲೇ ಬಗ್ಗಿದಳು? ಇದು ನನ್ನ ತಲೆ ತಿಂದಿತು.

ಹೋದ ವರ್ಷ ಅಮೃತಾಪುರಕ್ಕೆ ಹೋಗಿದ್ದೆ. ಅಳಿಯ ಮತ್ತು ಅವನ ಅಣ್ಣ ಜಮೀನು ಪಾಲು ಮಾಡಿಕೊಳ್ಳುತ್ತಿದ್ದರು. ಅಳತೆಗೆ ಲೈಸೆನ್ಸ್ ಭೂಮಾಪಕನೊಬ್ಬ ಬಂದಿದ್ದ, ಮೂವತ್ತರ ಆಸುಪಾಸಿನವನು, ವಿನಯವಂತ. ಮಗಳು ಪಾಸಾಗದ ಪರೀಕ್ಷೆಯಲ್ಲೇ ಪಾಸಾದವನಂತೆ. ಹೊಲದ ಪಡುವಣ ಮೂಲೆಯ ಕಲ್ಲು ಅವನಿಗೆ ಸಿಗಲೊಲ್ಲದು. ನಕ್ಷೆ ತಿರುವಿ ಮುರುವಿ ನೋಡುತ್ತಿದ್ದ. ಹಳೆಯ ನೌಕರ ಎಂದು ಅಳಿಯ ನನಗೂ ನಕ್ಷೆ ತೋರಿಸಿದ. ನೋಡಿದೆ, ಇದು ಅವನ ಕೆಲಸ, ನಾನೇಕೆ ಬಾಯಿ ಹಾಕಲಿ ಎಂದು ವಾಪಸು ಕೊಟ್ಟು, ಹೊಲದಲ್ಲಿ ಸುಮ್ಮನೆ ಅಡ್ಡಾಡಿ ಒಂದು ಕಡೆ ಕೈ ಹಿಂದೆ ಕಟ್ಟಿಕೊಂಡು ನಿಂತೆ.

ಮಗಳು ಫ್ಲಾಸ್ಕಿನಲ್ಲಿ ಎಲ್ಲರಿಗೂ ಕಾಫಿ ತಂದಳು. ಬದುವಿನ ಮೇಲೆ ಬರುತ್ತಿದ್ದವಳು ನನ್ನನ್ನು ನೋಡಿ ಗಕ್ಕನೆ ನಿಂತಳು. ಆಮೇಲೆ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು, ‘ನಿಂತ್ಬಿಟ್ಯಲ್ಲಪ್ಪ ಮತ್ತೆ.’

‘ಏನು?’ ಎಂದೆ.

‘ಕಲ್ಲಿನ ಮೇಲೆ.’

ನಾನು ಕಾಲ ಕೆಳಗೆ ನೋಡಿದೆ. ಬರೀ ಗರಿಕೆ. ಪಾದದಿಂದ ಒತ್ತಿ ನೋಡಿದೆ, ಅಡಿಯಲ್ಲಿ ಗಟ್ಟಿ ಇತ್ತು.

‘ಎಲ್ಲಾ ಹೊಲ್ದಾಗೂ ನೀನು ಹಿಂಗೇ ಹೋಗಿ ನಿಂತ್ಕಳ್ತಿದ್ದೆ. ಕೈ ಹಿಂದೆ ಕಟ್ಕೊಂಡು, ಬಾಯಿ ಮುಚ್ಕೊಂಡು. ನಾನು ಅಲ್ಲಿಗೆ ಬಂದು ಕೆದಕ್ತಿದ್ದೆ. ನಂಗೂ ಗೊತ್ತಿರ್ಲಿಲ್ಲ ಕಣಪ್ಪ, ನಾನೇ ಹುಡುಕ್ತಿದೀನಿ ಅಂದ್ಕಂಡಿದ್ದೆ. ಪರೀಕ್ಷೆ ದಿನ ಗೊತ್ತಾಯ್ತು.’ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ‘ನಕ್ಷೆ ಕೈಗೆ ಕೊಟ್ರು. ತಲೆ ಎತ್ತಿ ಹೊಲ ನೋಡ್ದೆ. ಕಲ್ಲು ಹುಡುಕ್ಲಿಲ್ಲ. ನೀನೆಲ್ಲಿ ನಿಂತಿದೀಯಾ ಅಂತ ಹುಡುಕ್ದೆ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟವನ್ನು ನನ್ನ ಕೈಗಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಉಳಿದವರಿಗೆ ಕೊಡಲು ಹೋದಳು. ನಾನು ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಕಾಫಿ ಕುಡಿಯಲಾಗಲಿಲ್ಲ.

ಅಷ್ಟರಲ್ಲಿ ಆ ಭೂಮಾಪಕ ನಕ್ಷೆ ಹಿಡಿದು, ಹೆಜ್ಜೆ ಎಣಿಸುತ್ತಾ, ನನ್ನನ್ನು ನೋಡದೆ, ನೆಲವನ್ನೇ ನೋಡಿಕೊಂಡು ನನ್ನ ತನಕ ಬಂದ. ಎದುರಿಗೆ ಬಂದ ಮೇಲೆ ತಲೆ ಎತ್ತಿ, ‘ಸರ್, ಸ್ವಲ್ಪ ಆಚೆ ಬರ್ತೀರಾ?’ ಎಂದ. ನಾನು ಬದುವಿನ ಆಚೆಗೆ ಬಂದು ನಿಂತೆ. ಅವನು ಕೆದಕಿದ, ಕಲ್ಲು ಸಿಕ್ಕಿತು. ಮಗಳು ದೂರದಿಂದ ಅದನ್ನು ನೋಡುತ್ತಿದ್ದಳು.

ಅಪ್ಪನಾದವನಿಗೆ ‘ಸ್ವಲ್ಪ ಆಚೆ ನಿಲ್ಲು’ ಎಂಬ ಮಾತನ್ನು ಯಾರಾದರೂ ಮೊದಲೇ ಹೇಳಬೇಕಿತ್ತು ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು. ಹೇಳಿರಲಿಲ್ಲ ಎಂದಲ್ಲ. ಕಡೂರಿನ ಜಗಲಿಯ ಮೇಲೆ ಗೆಳೆಯ ಭುಜ ಹಿಡಿದು ಕೂರಿಸಿ ಹೇಳಿದ್ದ. ಆ ಹಾಳೆಯನ್ನು ನಾನು ಒಲೆಗೆ ಹಾಕಿದ್ದೆ.